ಪಥ್ಯಕ್ಕೆ ಮೊದಲು ಪರೀಕ್ಷೆ: ಬೆಂಗಳೂರಿನ ಹೊರಬಡಾವಣೆಗಳಲ್ಲಿ ಎಳೆಮಕ್ಕಳ ಹೊಟ್ಟೆ, ಗೋಧಿ ಮತ್ತು ಹಾಲು

ಎರಡನೇ ಮಹಾಯುದ್ಧ ಗೋಧಿಯ ವಿಷಯದಲ್ಲಿ ಎರಡು ಊರುಗಳಲ್ಲಿ ಎರಡು ಬಗೆಯ ಕೆಲಸ ಮಾಡಿತು. ಬೆಂಗಳೂರಿನಲ್ಲಿ ಅಕ್ಕಿಗೆ ಅಭಾವ ಬಂದಾಗ ಇಡ್ಲಿಪಾತ್ರೆಗೆ ಗೋಧಿರವೆ ಹತ್ತಿ ರವೆ ಇಡ್ಲಿ ಹುಟ್ಟಿತೆಂದು ಎಂಟಿಆರ್‌ನವರು ಹೇಳಿಕೊಂಡು ಬಂದಿದ್ದಾರೆ. ಅತ್ತ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ 1944–45ರ ಚಳಿಗಾಲದಲ್ಲಿ ಬ್ರೆಡ್ಡು ಕಣ್ಣಿಗೆ ಬೀಳದಂತಾಯಿತು. ಅಲ್ಲಿನ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ವೈದ್ಯ ವಿಲ್ಲೆಮ್ ಡಿಕ್ಕೆಗೆ ಗೋಧಿಯ ಮೇಲೆ ಮೊದಲೇ ಗುಮಾನಿ ಇತ್ತು. ಊರಿಗೆ ಊರೇ ಹಸಿದಿದ್ದಾಗ, ಬಹುಕಾಲದ ಭೇದಿಯಿಂದ ಸೊರಗಿದ್ದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮರಳಿದ ಮೇಲೆ ಮತ್ತೆ ಹಾಸಿಗೆ ಹಿಡಿದರು. ಡಿಕ್ಕೆ ಇದನ್ನೆಲ್ಲ ಒಟ್ಟುಗೂಡಿಸಿ 1950ರಲ್ಲಿ ಪ್ರಬಂಧವಾಗಿ ಮಂಡಿಸಿದರು. ಗೋಧಿಯಿಂದ ಕರುಳು ಕೆಡುವ ಈ ಸೀಲಿಯಾಕ್ ಕಾಯಿಲೆಗೆ ಗೋಧಿ ಬಿಡಿಸುವುದೇ ಚಿಕಿತ್ಸೆ ಎಂಬ ತಿಳಿವಳಿಕೆ ನೆಲೆಯೂರಿದ್ದು ಹೀಗೆ. ಅದಕ್ಕೂ ಮುಂಚೆ, 1924ರಲ್ಲಿ, ನ್ಯೂಯಾರ್ಕಿನ ಸಿಡ್ನಿ ಹಾಸ್ ಇಂಥ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹೇಳಿ ಹೆಸರು ಮಾಡಿದ್ದರು. ಗುಣ ಕಂಡದ್ದು ನಿಜ, ಕೀರ್ತಿ ಮಾತ್ರ ತಪ್ಪು ವಿಳಾಸಕ್ಕೆ ಹೋಯಿತು: ತಟ್ಟೆಯಿಂದ ಬ್ರೆಡ್ಡು ಹೊರಬಿದ್ದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮಗುವನ್ನು ಪಥ್ಯಕ್ಕೆ ಹಚ್ಚುವ ಮನೆಗಳಲ್ಲಿ ಇಂದಿಗೂ ಆಗುವುದು ಹಾಸ್ ಅವರ ತಪ್ಪೇ. ಗುಣವಾಗುತ್ತದೆ, ಯಾವುದರಿಂದ ಎಂದು ತಿಳಿಯುವುದಿಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯದಂಥ ಹೊರಬಡಾವಣೆಗಳ ಸಂದರ್ಭದಲ್ಲಿ ಈ ಪ್ರಶ್ನೆಗೆ ಬೇರೆಯೇ ತೂಕವಿದೆ.

ಕಿಯೋನಿಕ್ಸ್ ಸಂಸ್ಥೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೊಗೂರು ಗ್ರಾಮಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ್ದು 1978ರಲ್ಲಿ. ಸುತ್ತಲಿನದೆಲ್ಲ ರಾಗಿಯ ಸೀಮೆ. ಈಗ ಅದೇ ನೆಲದ ಮೇಲಿನ ಅಪಾರ್ಟ್‌ಮೆಂಟುಗಳಲ್ಲಿ ಹರಿಯಾಣ, ಪಂಜಾಬ್, ಉತ್ತರ ಪ್ರದೇಶದ ಮನೆಗಳಿವೆ, ಪೀಣ್ಯದ ವಠಾರಗಳಲ್ಲಿ ಬಿಹಾರ, ಒಡಿಶಾ ಮತ್ತು ಉತ್ತರ ಕರ್ನಾಟಕದ ಕಾರ್ಮಿಕರಿದ್ದಾರೆ. ಚಪಾತಿಯ ಮನೆ, ಅನ್ನದ ಮನೆ, ಮುದ್ದೆಯ ಮನೆ, ಜೋಳದ ರೊಟ್ಟಿಯ ಮನೆ ಒಂದೇ ಮೆಟ್ಟಿಲಿನ ಆಚೀಚೆ.

ಇದು ಏಕೆ ಮುಖ್ಯವೆಂದು 2016ರಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಸಹೋದ್ಯೋಗಿಗಳು ಪ್ರಕಟಿಸಿದ ಅಧ್ಯಯನ ತೋರಿಸುತ್ತದೆ. ದೇಶದ ಮೂರು ಭಾಗಗಳ 23,331 ವಯಸ್ಕರ ರಕ್ತದಲ್ಲಿ ಸೀಲಿಯಾಕ್ ಪ್ರತಿಕಾಯಗಳಿವೆಯೇ ಎಂದು ಅವರು ಹುಡುಕಿದರು. ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10. ದಕ್ಷಿಣದವರ ವಂಶವಾಹಿಯೇ ಬೇರೆ ಎಂದು ಸಮಾಧಾನಪಡುವಂತಿಲ್ಲ. ಕಾಯಿಲೆಗೆ ಅವಶ್ಯವಾದ ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ವಂಶವಾಹಿ ಉತ್ತರದಲ್ಲಿ ಶೇ. 38.1 ಜನರಲ್ಲಿದ್ದರೆ ದಕ್ಷಿಣದಲ್ಲಿ ಶೇ. 36.4 ಜನರಲ್ಲಿತ್ತು. ಹೆಚ್ಚುಕಡಿಮೆ ಸಮ. ಅಗಾಧ ಅಂತರವಿದ್ದದ್ದು ತಟ್ಟೆಯಲ್ಲಿ: ಉತ್ತರದಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ದಕ್ಷಿಣದಲ್ಲಿ 25 ಗ್ರಾಂ. ಗೋಧಿಯ ಪ್ರಮಾಣವೊಂದೇ ಕಾರಣವೆಂದು ಈ ಅಂಕಿಗಳಿಂದ ಸಿದ್ಧವಾಗುವುದಿಲ್ಲ. ಆದರೂ ಬೆಳಿಗ್ಗೆ ಉಪ್ಪಿಟ್ಟು, ಶಾಲೆಯ ಡಬ್ಬಿಗೆ ನೂಡಲ್ಸ್, ರಾತ್ರಿ ಚಪಾತಿ ತಿನ್ನುವ ಕನ್ನಡದ ಮಗು 25 ಗ್ರಾಮಿನ ಗುಂಪಿನಲ್ಲಿ ಉಳಿದಿಲ್ಲ ಎನ್ನುವುದಕ್ಕೆ ಸಮೀಕ್ಷೆ ಬೇಕಿಲ್ಲ.

ಉತ್ತರ ಭಾರತದ ಮಕ್ಕಳಲ್ಲಿ ಈ ಕಾಯಿಲೆಯನ್ನು ವಾಲಿಯಾ ಮತ್ತು ಸಂಗಡಿಗರು 1966ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ವರದಿ ಮಾಡಿದ್ದರು. ದಕ್ಷಿಣದಲ್ಲಿ ಅದು ಬಹುಕಾಲ ಪರೀಕ್ಷೆಗೆ ಓದುವ ಕಾಯಿಲೆಯಾಗಿಯೇ ಉಳಿಯಿತು. ಲಕ್ಷಣಗಳೂ ಗುಂಪಿನಲ್ಲಿ ಕರಗಿಹೋಗುವಂಥವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ. 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. 6ರಿಂದ 59 ತಿಂಗಳ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನರು. ಕುಳ್ಳಾಗಿ, ಬಿಳಿಚಿಕೊಂಡು, ಹೊಟ್ಟೆ ಉಬ್ಬಿಸಿಕೊಂಡಿರುವ ಮಗುವಿಗೆ ಜಂತುಹುಳದ ಮಾತ್ರೆ, ಕಬ್ಬಿಣದ ಟಾನಿಕ್ ಬರೆದು ಕಳುಹಿಸುವುದು ಇಲ್ಲಿ ಬಹುಪಾಲು ಸರಿಯಾದ ಚಿಕಿತ್ಸೆಯೇ. ತಿಂಗಳುಗಟ್ಟಲೆ ಕಬ್ಬಿಣ ಕೊಟ್ಟರೂ ಹಿಮೋಗ್ಲೋಬಿನ್ ಏರದಿದ್ದಾಗ ಸೀಲಿಯಾಕ್ ನೆನಪಾಗಬೇಕು.

ನೆನಪಾದ ಕೂಡಲೇ ಗೋಧಿ ನಿಲ್ಲಿಸುವುದು ತಪ್ಪು. ಈ ಲೇಖನದ ವಾದವೆಲ್ಲ ಇಲ್ಲಿದೆ. ಸಣ್ಣ ಕರುಳಿನ ಒಳಪದರಕ್ಕೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ತಾಗುತ್ತಿರುವಷ್ಟು ಕಾಲ ಮಾತ್ರ ದೇಹ ಪ್ರತಿಕಾಯಗಳನ್ನು ತಯಾರಿಸುತ್ತಿರುತ್ತದೆ. ಗೋಧಿ ಬಿಟ್ಟರೆ ಅವು ಇಳಿಯುತ್ತವೆ, ಕರುಳಿನ ಪದರ ಮಾಯುತ್ತದೆ, ಪರೀಕ್ಷೆ ಸುಳ್ಳು ಹೇಳುತ್ತದೆ. ಈ ಪ್ರತಿಕಾಯಗಳನ್ನು ಹುಡುಕುವ ಟಿಟಿಜಿ ಐಜಿಎ ರಕ್ತಪರೀಕ್ಷೆಯನ್ನು ಒಟ್ಟು ಐಜಿಎ ಪ್ರಮಾಣದ ಜೊತೆಗೆ, ಮಗು ಎಂದಿನಂತೆ ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಟಿಟಿಜಿ ಸಾಮಾನ್ಯ ಮಿತಿಯ ಹತ್ತು ಪಟ್ಟು ಮುಟ್ಟಿ, ಎರಡನೇ ರಕ್ತದ ಮಾದರಿಯಲ್ಲಿ ಎಂಡೊಮೈಸಿಯಲ್ ಪ್ರತಿಕಾಯವೂ ಸಿಕ್ಕರೆ ಬಯಾಪ್ಸಿ ಇಲ್ಲದೆಯೂ ರೋಗ ನಿರ್ಣಯಿಸಬಹುದೆಂದು ಯುರೋಪಿನ ಮಕ್ಕಳ ಜಠರ-ಕರುಳು ತಜ್ಞರ ಸಂಘದ 2020ರ ಮಾರ್ಗಸೂಚಿ ಹೇಳುತ್ತದೆ; ಅದಕ್ಕಿಂತ ಕಡಿಮೆಯಿದ್ದರೆ ಎಂಡೊಸ್ಕೋಪಿ ಬೇಕು. ಮೊದಲೇ ಗೋಧಿ ಬಿಡಿಸಿದ್ದರೆ ಮತ್ತೆ ವಾರಗಟ್ಟಲೆ ತಿನ್ನಿಸಿ ಪರೀಕ್ಷಿಸಬೇಕಾಗುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಅದನ್ನು ಆದಷ್ಟು ತಪ್ಪಿಸಬೇಕೆಂದು ಅದೇ ಸಂಘ 2012ರಲ್ಲಿ ಹೇಳಿತ್ತು. ಅವಸರದ ಪಥ್ಯದಿಂದ ಅತಿ ಹೆಚ್ಚು ನಷ್ಟ ಎಳೆಯ ಮಗುವಿಗೇ.

ಅನುಕೂಲಸ್ಥ ಬಡಾವಣೆಗಳಲ್ಲಿ ಇನ್ನೊಂದು ಮೋಹವಿದೆ. ಮನೆಬಾಗಿಲಿಗೇ ಬಂದು ರಕ್ತ ತೆಗೆದು, ನೂರಾರು ಆಹಾರಗಳಿಗೆ ಐಜಿಜಿ ಪ್ರತಿಕಾಯದ ಅಂಕ ಕೊಡುವ "ಫುಡ್ ಇಂಟಾಲರೆನ್ಸ್" ಪ್ಯಾಕೇಜುಗಳು. ಐಜಿಜಿ4 ಆ ಆಹಾರ ದೇಹಕ್ಕೆ ಪರಿಚಿತ ಎಂಬುದನ್ನಷ್ಟೇ ಸೂಚಿಸುತ್ತದೆ. ಅಸಹಿಷ್ಣುತೆ ಪತ್ತೆಗೆ ಅದನ್ನು ಬಳಸಬಾರದೆಂದು ಯುರೋಪಿನ ಅಲರ್ಜಿ ತಜ್ಞರ ಸಂಸ್ಥೆ 2008ರಲ್ಲೇ ಹೇಳಿದೆ. ಆ ವರದಿ ನಂಬಿ ಎರಡು ವರ್ಷದ ಮಗುವಿನ ತಟ್ಟೆಯಿಂದ ಹಾಲು, ಮೊಟ್ಟೆ, ಕಡಲೆಕಾಯಿ, ಬೇಳೆ ಎಲ್ಲ ತೆಗೆದರೆ ಉಳಿಯುವುದು ಕುಪೋಷಣೆ.

ಹಾಲಿನ ಕಥೆ ಬೇರೆ. ಇಲ್ಲಿ ಎರಡು ತೊಂದರೆಗಳನ್ನು ಒಂದೇ ಎಂದು ಗೊಂದಲ ಮಾಡಿಕೊಳ್ಳುವುದು ಸಾಮಾನ್ಯ. ಜೋರು ಭೇದಿಯ ನಂತರ ಕರುಳಿನಲ್ಲಿ ಲ್ಯಾಕ್ಟೇಸ್ ಕಿಣ್ವ ಸ್ವಲ್ಪ ಕಾಲ ಕಡಿಮೆಯಾಗಿ ಹಾಲು ಅರಗದಿರಬಹುದು; ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಎದೆಹಾಲನ್ನಂತೂ ನಿಲ್ಲಿಸಬಾರದು. ಭೇದಿಯಿದ್ದಾಗಲೂ ಊಟ, ಎದೆಹಾಲು ಮುಂದುವರಿಸಿ, ಓಆರ್‌ಎಸ್ ಕೊಟ್ಟು, ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಸತುವನ್ನು 10ರಿಂದ 14 ದಿನ ಕೊಡಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿ ಇದಕ್ಕಿಂತ ಭಿನ್ನ: ಮಲದಲ್ಲಿ ರಕ್ತ, ವಾಂತಿ, ಮೈಮೇಲೆ ದದ್ದು. ಮೇಕೆ, ಎಮ್ಮೆಯ ಹಾಲಿನಲ್ಲೂ ಬಹುತೇಕ ಅಂಥವೇ ಪ್ರೋಟೀನುಗಳಿರುವುದರಿಂದ ಅವು ಪರ್ಯಾಯವಲ್ಲ. ಗಾಜಿನ ಬಾಟಲಿಯಲ್ಲಿ ಬರುವ ದುಬಾರಿ "ಎ2" ಹಾಲಿನಲ್ಲೂ ಲ್ಯಾಕ್ಟೋಸ್ ಇದೆ, ಅಲರ್ಜಿ ತರುವ ಪ್ರೋಟೀನೂ ಇದೆ. ಹಾಲಿನ ಪಥ್ಯವನ್ನು ವೈದ್ಯರು ಎರಡರಿಂದ ನಾಲ್ಕು ವಾರ ಮಾಡಿಸಿ, ಮತ್ತೆ ಹಾಲು ಕೊಟ್ಟು ನೋಡಿ ಖಾತ್ರಿ ಮಾಡಿಕೊಳ್ಳುತ್ತಾರೆ. ಕುಡಿದ ಕೂಡಲೇ ದದ್ದು, ಉಬ್ಬಸ ಬಂದಿದ್ದ ಮಗುವಿಗೆ ಈ ಮರುಪ್ರಯೋಗ ಆಸ್ಪತ್ರೆಯಲ್ಲೇ ಆಗಬೇಕು. ಮನೆಗಳಲ್ಲಿ ಬಿಟ್ಟುಹೋಗುವುದು ಈ ಎರಡನೇ ಹೆಜ್ಜೆ. ಮೂರು ವಾರಕ್ಕೆಂದು ಶುರುವಾದ ಪಥ್ಯ ಮೂರು ವರ್ಷ ಎಳೆಯುತ್ತದೆ. ಈ ಅಲರ್ಜಿ ಬಹುಪಾಲು ಮಕ್ಕಳಲ್ಲಿ ಶಾಲೆಗೆ ಸೇರುವ ಹೊತ್ತಿಗೆ ತಾನಾಗಿ ಹೋಗುವಂಥದ್ದು.

ಸೀಲಿಯಾಕ್ ಖಚಿತವಾದರೆ ಮಾತ್ರ ಪಥ್ಯ ಜೀವನಪರ್ಯಂತ, ವಿನಾಯಿತಿ ಇಲ್ಲದ್ದು. ಆಗ ಕನ್ನಡದ ಅಡುಗೆಮನೆಯನ್ನು ಹೊಸ ಕಣ್ಣಿನಿಂದ ತಡಕಬೇಕು. ಚಿರೋಟಿ ರವೆ, ಬನ್ಸಿ ರವೆ, ಶಾವಿಗೆ, ಮೈದಾ ಕಣಕದ ಹೋಳಿಗೆ, ಮದ್ದೂರು ವಡೆ ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಬೀಳದಿರುವುದು ಇಂಗು. ಅಂಗಡಿಯ ಪುಡಿ ಇಂಗಿನ ಹಲವು ಬ್ರಾಂಡುಗಳಲ್ಲಿ ಗೋಧಿಹಿಟ್ಟು ಬೆರೆತಿರುತ್ತದೆ. ತಿಳಿಸಾರಿನ ಒಗ್ಗರಣೆಯೇ ಪಥ್ಯ ಮುರಿಯುತ್ತದೆ. ಹೊಟ್ಟೆಗೆ ತಂಪೆಂದು ಅಜ್ಜಿ ಕುಡಿಸುವ ಬಾರ್ಲಿ ನೀರು, ಶಕ್ತಿಗೆಂದು ಕೊಡುವ ಹಾರ್ಲಿಕ್ಸ್‌ನಂಥ ಮಾಲ್ಟ್ ಪೇಯ ಎರಡರಲ್ಲೂ ಗ್ಲುಟೆನ್ ಇರುವುದರಿಂದ ವರ್ಜ್ಯ. ಇನ್ನೊಂದು ಗುಪ್ತದಾರಿ ಹಿಟ್ಟಿನ ಗಿರಣಿ. ಗೋಧಿ ಬೀಸಿದ ಕಲ್ಲಿಗೇ ರಾಗಿ ಸುರಿದರೆ ರಾಗಿಹಿಟ್ಟಿನಲ್ಲಿ ಗೋಧಿ ಉಳಿಯುತ್ತದೆ. ಪೊಟ್ಟಣದ ಮೇಲೆ "ಗ್ಲುಟೆನ್ ಮುಕ್ತ" ಎಂದು ಬರೆಯಲು ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟ ಮಿತಿ ಕಿಲೋಗೆ 20 ಮಿಲಿಗ್ರಾಂ, ಅಂದರೆ ಚಿಟಿಕೆಗಿಂತಲೂ ಕಡಿಮೆ. 2020ರ ಲೇಬಲ್ ನಿಯಮಗಳ ಪ್ರಕಾರ ಗ್ಲುಟೆನ್ ಇರುವ ಧಾನ್ಯವನ್ನು ಅಲರ್ಜಿಕಾರಕಗಳ ಸಾಲಿನಲ್ಲಿ ಹೆಸರಿಸಲೇಬೇಕು. ಗಿರಣಿಗೂ ಬೇಕರಿಯ ಬಿಡಿ ತಿಂಡಿಗೂ ಲೇಬಲ್ ಎಲ್ಲಿಯದು? ತೊಳೆದು ಒಣಗಿಸಿದ ರಾಗಿಯನ್ನು ಮನೆಯ ಮಿಕ್ಸಿಯಲ್ಲೇ ಪುಡಿ ಮಾಡಿ ಜರಡಿ ಹಿಡಿಯುವುದು ತ್ರಾಸವಾದರೂ ನಂಬಿಕೆಯ ದಾರಿ.

ರಾಗಿ ಇರುವ ನೆಲದಲ್ಲಿ ಆಮದು ಬಿಸ್ಕತ್ತಿನ ಹಂಗು ಬೇಕಿಲ್ಲ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ನೂರು ಗ್ರಾಮಿಗೆ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಗೆಂದು ಹಾಲಿಗೆ ಬದಲು ರಾಗಿ ಎಂದು ಕೈತೊಳೆದುಕೊಳ್ಳುವಂತಿಲ್ಲ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 500 ಮಿಲಿಗ್ರಾಂ ಬೇಕು, 30 ಗ್ರಾಂ ಹಿಟ್ಟಿನ ಒಂದು ಬಟ್ಟಲು ರಾಗಿ ಸರಿಯಿಂದ ಬರುವುದು 110ರ ಆಸುಪಾಸು. ಅದರಲ್ಲೂ ಸ್ವಲ್ಪ ಭಾಗವನ್ನು ಫೈಟೇಟ್ ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ ಅದು ತಗ್ಗುತ್ತದೆ. ರಾಗಿಯ ಪ್ರೋಟೀನಿನಲ್ಲಿ ಲೈಸೀನ್ ಕಡಿಮೆ. ಹೆಸರುಬೇಳೆ ಸೇರಿಸಿದರೆ ಆ ಕೊರತೆ ತುಂಬುತ್ತದೆ. ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ತಿಂಗಳಿಗೊಮ್ಮೆ ತೂಕ ಗುರುತಿಸಿದರೆ ಪಥ್ಯ ಹಿಡಿಯಿತೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಹೊರಬಡಾವಣೆಗಳ ಮಗು ಹಗಲೆಲ್ಲ ಮನೆಯಲ್ಲಿರುವುದಿಲ್ಲ. 2017ರ ಕಾನೂನು ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೇರಿತು. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ತಾಯಿ ಕೆಲಸಕ್ಕೆ ಮರಳುವುದೂ ಮಗುವಿಗೆ ಮೇಲಾಹಾರ ಶುರುವಾಗುವುದೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಮೊದಲ ಗೋಧಿ ಬಾಯಿಗೆ ಬೀಳುವುದನ್ನು ಆಯಾ ನೋಡಬಹುದು, ತಾಯಿ ನೋಡದೇ ಇರಬಹುದು. ಗೋಧಿಯನ್ನು ತಡವಾಗಿ ಆರಂಭಿಸಿದರೆ ಸೀಲಿಯಾಕ್ ತಪ್ಪುತ್ತದೆಂಬ ಆಸೆಯನ್ನು 2014ರ ಎರಡು ಯುರೋಪಿಯನ್ ಪ್ರಯೋಗಗಳು ಕೈಬಿಡಿಸಿವೆ. ಹಾಗಾಗಿ ಯಾವಾಗ ಏನು ತಿನ್ನಿಸಿದರು, ಯಾವಾಗ ಭೇದಿಯಾಯಿತು ಎಂದು ಕೇಂದ್ರದ ಪುಸ್ತಕದಲ್ಲಿ ಬರೆದಿಡುವುದೇ ವೈದ್ಯರಿಗೆ ಹೆಚ್ಚು ಉಪಯೋಗದ ಸಂಗತಿ.

2016ರ ಅಧ್ಯಯನ ಎಣಿಸಿದ್ದು ವಯಸ್ಕರನ್ನು, ಅವರವರು ನೆಲೆಸಿದ್ದ ಊರಿನಲ್ಲಿ. ಹರಿಯಾಣದ ತಂದೆತಾಯಿಗೆ ವೈಟ್‌ಫೀಲ್ಡಿನಲ್ಲಿ ಹುಟ್ಟಿದ ಮಗುವಾಗಲಿ, ಹಾಸನದವರ ಮನೆಯಲ್ಲಿ ಚಪಾತಿ ತಿಂದು ಬೆಳೆಯುವ ಮಗುವಾಗಲಿ ಅದರ ಮೂರು ಕಾಲಂಗಳಲ್ಲಿ ಯಾವುದಕ್ಕೂ ಸೇರುವುದಿಲ್ಲ. ಈ ಭಾಗದ ವೈದ್ಯಕೀಯ ಕಾಲೇಜುಗಳು, ಪೀಣ್ಯದ ಇಎಸ್‌ಐ ಆಸ್ಪತ್ರೆ ಹಾಗೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಕೂಡಿ ಆ ಎಣಿಕೆಗೆ ಕೈಹಾಕಬೇಕು. ಅಲ್ಲಿಯವರೆಗೆ ಮಕ್ಕಳ ವೈದ್ಯರು ಮೊದಲ ಭೇಟಿಯಲ್ಲೇ ಮನೆಯ ಮುಖ್ಯ ಧಾನ್ಯ ಯಾವುದು, ಈಗಾಗಲೇ ಏನೇನು ನಿಲ್ಲಿಸಿದ್ದೀರಿ ಎಂಬ ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆದಿಡಲಿ.