ತಿಂಡಿಪಟ್ಟಿಯ ಕಥೆ: ಕರಿಹಲಗೆಯಿಂದ ಕಪ್ಪು ಚೌಕದವರೆಗೆ

ಕಳೆದ ತಿಂಗಳು ನಾನೂ ನನ್ನ ಶ್ರೀಮತಿಯೂ ಪೇಟೆಯ ಒಂದು ಹೋಟೆಲಿಗೆ ಹೋಗಿದ್ದೆವು. ಮೇಜಿನ ಮೇಲೆ ತಿಂಡಿಪಟ್ಟಿ ಇರಲಿಲ್ಲ. ಅದರ ಬದಲು ಅಂಗೈಯಗಲದ ಕಪ್ಪು-ಬಿಳುಪಿನ ಚೌಕವೊಂದನ್ನು ಅಂಟಿಸಿದ್ದರು. ಮೊಬೈಲಿನ ಕ್ಯಾಮೆರಾ ಹಿಡಿದೆ. ಪರದೆಯ ಮೇಲೆ ಚಕ್ರವೊಂದು ಸುತ್ತತೊಡಗಿತು, ಸುತ್ತುತ್ತಲೇ ಇತ್ತು. ಪರಿಚಾರಕ ಹುಡುಗನನ್ನು ಕರೆದು, "ಏನೇನಿದೆಯಪ್ಪಾ?" ಎಂದು ಕೇಳಿದೆ. "ಎಲ್ಲಾ ಅದ್ರಲ್ಲೇ ಇದೆ ಸಾರ್" ಎಂದು ಚೌಕವನ್ನೇ ತೋರಿಸಿ ಹೋದ. ಕೊನೆಗೆ ಪಕ್ಕದ ಮೇಜಿನ ಹೆಣ್ಣುಮಗಳೊಬ್ಬಳು ಕನಿಕರದಿಂದ ತನ್ನ ಫೋನಿನಲ್ಲಿ ಪಟ್ಟಿಯನ್ನು ತೋರಿಸಿದಳು. ಅದರಲ್ಲಿ ಮಸಾಲೆ ದೋಸೆಗೆ 70 ರೂಪಾಯಿ ಎಂದಿತ್ತು; ಬಿಲ್ಲಿನಲ್ಲಿ 85 ಎಂದು ಬಂತು. ಗಲ್ಲಾದಲ್ಲಿ ವಿಚಾರಿಸಿದರೆ, "ಪಟ್ಟಿ ಇನ್ನೂ ಅಪ್‌ಡೇಟ್ ಆಗಿಲ್ಲ ಸಾರ್" ಎಂಬ ಉತ್ತರ.

ಹದಿನೈದು ರೂಪಾಯಿ ದೊಡ್ಡದಲ್ಲ. ಆದರೆ ಇತಿಹಾಸ ಪಾಠ ಮಾಡಿದವನಿಗೆ ಪ್ರತಿಯೊಂದರ ಬೇರನ್ನೂ ಹುಡುಕುವ ಚಾಳಿ ಬಿಡುವುದಿಲ್ಲವಷ್ಟೆ.

"ಮೆನು" ಎಂಬುದು ಫ್ರೆಂಚ್ ಪದ. ಸಣ್ಣದು, ವಿವರವಾದುದು ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದದ್ದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನಲ್ಲಿ ರೆಸ್ಟೋರೆಂಟುಗಳು ಹುಟ್ಟಿಕೊಂಡಾಗ ಒಂದು ಹೊಸ ಪದ್ಧತಿ ಬಂತು. ಅದುವರೆಗೆ ಛತ್ರದಲ್ಲಿ ಇಟ್ಟದ್ದನ್ನು ಉಣ್ಣಬೇಕಾಗಿದ್ದವನು, ಇನ್ನು ಮುಂದೆ ಪಟ್ಟಿಯನ್ನು ಓದಿ, ಬೆಲೆಯನ್ನು ತಿಳಿದು, ತನಗೆ ಬೇಕಾದುದನ್ನು ಕೇಳಬಹುದಾಯಿತು. ಅಂದರೆ ಪಟ್ಟಿಯು ಕೇವಲ ಅಲಂಕಾರವಲ್ಲ. ಅದು ಮಾಲೀಕನು ಗಿರಾಕಿಗೆ ಕೊಟ್ಟ ಲಿಖಿತ ವಚನ.

ನಮ್ಮ ಕಡೆ ಈ ಪಟ್ಟಿ ಬಹುಕಾಲ ಇದ್ದದ್ದು ಮಾಣಿಯ ನಾಲಗೆಯ ಮೇಲೆ. ಇಡ್ಲಿಯಿಂದ ಹಿಡಿದು ಕ್ಷೀರದವರೆಗೆ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಿದ್ದ ಆ ಹುಡುಗರನ್ನು ನಿಮ್ಮಲ್ಲಿ ಹಿರಿಯರಾದವರು ಮರೆತಿರಲಾರಿರಿ. ಗೋಡೆಯ ಮೇಲೆ ಕರಿಹಲಗೆ. ಅದರಲ್ಲಿ ಸೀಮೆಸುಣ್ಣದಿಂದ ಬರೆದ ಅಂದಿನ ತಿಂಡಿ ಮತ್ತು ದರ. ಆಮೇಲೆ ಪ್ಲಾಸ್ಟಿಕ್ ಹೊದಿಕೆಯ ಮುದ್ರಿತ ಕಾರ್ಡು ಬಂತು. ಅದೇನೂ ನಿರ್ದೋಷಿಯಾಗಿರಲಿಲ್ಲ. ಸಾಂಬಾರಿನ ಕಲೆ, ದರದ ಮೇಲೊಂದು ಚೀಟಿ, ಅದರ ಮೇಲೆ ಮತ್ತೊಂದು ಚೀಟಿ; ಕೇಳಿದ್ದಕ್ಕೆಲ್ಲ "ಖಾಲಿ" ಎಂಬ ಉತ್ತರ!

ಇನ್ನು ಈ ಚೌಕ, ಅಂದರೆ ಕ್ಯೂಆರ್ ಕೋಡ್, ಹುಟ್ಟಿದ್ದು ಅಡುಗೆಮನೆಯಲ್ಲಲ್ಲ. 1994ರಲ್ಲಿ ಜಪಾನಿನ ಡೆನ್ಸೋ ಸಮೂಹದ ಎಂಜಿನಿಯರ್ ಮಸಾಹಿರೊ ಹಾರಾ ಮತ್ತು ಅವರ ಸಂಗಡಿಗರು ಮೋಟಾರು ಬಿಡಿಭಾಗಗಳ ಲೆಕ್ಕವಿಡಲೆಂದು ಇದನ್ನು ರೂಪಿಸಿದರು. ಕಪ್ಪು-ಬಿಳಿ ಕಾಯಿಗಳ "ಗೋ" ಆಟದ ಮಣೆ ಅವರಿಗೆ ಸ್ಫೂರ್ತಿಯಾಯಿತಂತೆ. ಶೇಕಡಾ 30ರಷ್ಟು ಅಳಿಸಿಹೋದರೂ ಓದಬಲ್ಲಂತೆ ಇದನ್ನು ರಚಿಸಬಹುದು. ಕಂಪನಿಯು ಪೇಟೆಂಟ್ ಹೊಂದಿದ್ದರೂ ಶುಲ್ಕ ಕೇಳದೆ ಎಲ್ಲರಿಗೂ ಬಳಸಲು ಬಿಟ್ಟದ್ದರಿಂದ ಅದು ಜಗತ್ತಿನಾದ್ಯಂತ ಹಬ್ಬಿತು. 2020ರ ಜೂನ್ 8ರಿಂದ ನಮ್ಮ ದೇಶದಲ್ಲಿ ಹೋಟೆಲುಗಳು ಮತ್ತೆ ತೆರೆಯಲು ಅನುಮತಿ ದೊರೆತಾಗ, ಒಮ್ಮೆ ಬಳಸಿ ಎಸೆಯುವ ಮೆನುವನ್ನೂ ಮುಟ್ಟದೆ ಆರ್ಡರ್ ಪಡೆಯುವ ಕ್ರಮವನ್ನೂ ಕೇಂದ್ರ ಆರೋಗ್ಯ ಸಚಿವಾಲಯ ಸೂಚಿಸಿತ್ತು. ಚೌಕವು ಮೇಜಿಗೆ ಬಂದದ್ದು ಹೀಗೆ. ರೋಗದ ಭಯ ಹೋಯಿತು, ಚೌಕ ಉಳಿಯಿತು.

ಇಲ್ಲೊಂದು ವಿನೋದವಿದೆ. ಸಾಂಬಾರಿನ ಕಲೆಯನ್ನು ತಡೆದುಕೊಳ್ಳುವ ಆ ಚೌಕದಲ್ಲಿ ತಿಂಡಿಪಟ್ಟಿಯೇ ಇರುವುದಿಲ್ಲ! ಪಟ್ಟಿ ಎಲ್ಲಿದೆಯೆಂಬ ವಿಳಾಸ ಮಾತ್ರ ಇರುತ್ತದೆ. ಸಿಗ್ನಲ್ ಹೋದರೆ, ಬ್ಯಾಟರಿ ಮುಗಿದರೆ, ದರ ತಿದ್ದುವವನು ಮರೆತರೆ, ಚೌಕ ನೆಟ್ಟಗಿದ್ದರೂ ಪಟ್ಟಿ ಇಲ್ಲ. ಅದರ ಮೇಲೆ ಇನ್ನಾರೋ ಬೇರೆ ಚೌಕ ಅಂಟಿಸಿ ಮೋಸ ಮಾಡಬಹುದು. ಅಮೆರಿಕದ ಎಫ್‌ಬಿಐ 2022ರ ಜನವರಿಯಲ್ಲಿ ಇಂಥ ವಂಚನೆಯ ಬಗ್ಗೆ ಎಚ್ಚರಿಸಿತ್ತು.

ಹೊಸತನ್ನು ಹಳಿಯುವುದು ನನ್ನ ಉದ್ದೇಶವಲ್ಲ. ನನಗೆ ನೆನಪಾದದ್ದು 1967ನೆಯ ಇಸವಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆಂದು ತಂದೆಯವರು ನನ್ನನ್ನು ತಾಲ್ಲೂಕು ಕೇಂದ್ರಕ್ಕೆ ಕರೆದೊಯ್ದಿದ್ದರು. ಹೋಟೆಲಿನ ಕರಿಹಲಗೆಯ ಮುಂದೆ ಅವರು ಸ್ವಲ್ಪ ಹೊತ್ತು ನಿಂತರು. ಒಂದು ಕೈ ಜೇಬಿನೊಳಗಿತ್ತು. ಒಳಗೆ ಕುಳಿತ ಮೇಲೆ ನನಗೊಂದು ದೋಸೆ ಹೇಳಿ, "ನನಗೆ ಹಸಿವಿಲ್ಲ ಮಗಾ" ಎಂದು ನೀರು ಕುಡಿದರು. ಆ ಲೆಕ್ಕವನ್ನು ಅವರು ಯಾರನ್ನೂ ಕೇಳದೆ, ಯಾರ ಮುಂದೆಯೂ ತಲೆತಗ್ಗಿಸದೆ ಬಾಗಿಲಲ್ಲೇ ಮುಗಿಸಿದ್ದರು. ಮಾನವಾಗಿ ಬದುಕುವ ಬಡವನಿಗೆ ಆ ಹಲಗೆ ಅಷ್ಟು ಉಪಕಾರ ಮಾಡಿತ್ತೆಂದು ನನಗೆ ತಿಳಿದದ್ದು, ನಾನು ತಂದೆಯಾದ ಮೇಲೆ.

ಇಂದು ಸಾದಾ ಫೋನು ಹಿಡಿದ ಕೂಲಿಕಾರನೋ ಕಣ್ಣಿಗೆ ಪೊರೆ ಬಂದ ಅಜ್ಜಿಯೋ ಆ ಚೌಕದ ಮುಂದೆ ಕುಳಿತರೆ ಏನು ಮಾಡಬೇಕು?

ನನ್ನ ವಿದ್ಯಾರ್ಥಿಗಳಲ್ಲಿ ಕೆಲವರು ಹೋಟೆಲ್ ಉದ್ಯಮದಲ್ಲಿದ್ದೀರಿ. ನಿಮ್ಮಲ್ಲಿ ಹಳೆಯ ಮೇಷ್ಟರದೊಂದು ಕೋರಿಕೆ. ಚೌಕ ಇರಲಿ, ಜೊತೆಗೆ ಬಾಗಿಲ ಬಳಿ ದೊಡ್ಡಕ್ಷರದ ಹಲಗೆಯೊಂದನ್ನು ತೂಗುಹಾಕಿ. ದರವನ್ನು ಸರಿಯಾಗಿ ಬರೆಯಿರಿ. ಕಾಗುಣಿತ ತಪ್ಪಿದ್ದರೆ ನಾನು ಬಂದಾಗ ತಿದ್ದಿಕೊಡುತ್ತೇನೆ.