ಕಾಫಿ ಕ್ಯಾಪ್ಸೂಲ್ ನಿಜಕ್ಕೂ ರೀಸೈಕಲ್ ಆಗುತ್ತಾ? ಬೈರಮಂಗಲದ ಕಡೆಯಿಂದ ಒಂದು ಲೆಕ್ಕ

ಹೆಬ್ಬೆರಳು ಗಾತ್ರದ ಡಬ್ಬಿ, ಒಳಗೆ ಐದಾರು ಗ್ರಾಂ ಕಾಫಿಪುಡಿ, ಮೇಲೆ ತೆಳು ಹಾಳೆಯ ಮುಚ್ಚಳ. ಮಷಿನ್‌ಗೆ ಹಾಕಿ ಗುಂಡಿ ಒತ್ತಿದರೆ ಬಿಸಿನೀರು ಒತ್ತಡದಲ್ಲಿ ಒಳಗೆ ನುಗ್ಗಿ, ಅರ್ಧ ನಿಮಿಷದಲ್ಲಿ ಕಾಫಿ ರೆಡಿ. ಆಮೇಲೆ ಆ ಡಬ್ಬಿ ಕಸ. ಇದೇ ಕಾಫಿ ಕ್ಯಾಪ್ಸೂಲ್. ನೆಸ್ಲೆ ಕಂಪನಿಯ ಎಂಜಿನಿಯರ್ ಎರಿಕ್ ಫಾವ್ರ್ 1970ರ ದಶಕದಲ್ಲಿ ಇದನ್ನು ರೂಪಿಸಿದರು. 1986ರಲ್ಲಿ ನೆಸ್ಪ್ರೆಸೊ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಅಮೆರಿಕದಲ್ಲಿ ಕ್ಯೂರಿಗ್ ಕಂಪನಿಯ ಪ್ಲಾಸ್ಟಿಕ್ ಕಪ್‌ಗಳು 1990ರ ದಶಕದ ಕೊನೆಗೆ ಆಫೀಸುಗಳನ್ನು ಹೊಕ್ಕವು. ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಬೆಳೆಯುವ ಕರ್ನಾಟಕದಲ್ಲಿ, ಫಿಲ್ಟರ್ ಡಿಕಾಕ್ಷನ್ ಕುಡಿದೇ ಬೆಳೆದ ನಮಗೆ ಇದು ತಡವಾಗಿ ಬಂದ ಅತಿಥಿ. ಈಗ ಆಫೀಸ್ ಪ್ಯಾಂಟ್ರಿ, ಹೋಟೆಲ್ ರೂಮು, ಅಪಾರ್ಟ್‌ಮೆಂಟ್ ಅಡುಗೆಮನೆಗಳಲ್ಲಿ ನಿಧಾನವಾಗಿ ಕಾಣಿಸಿಕೊಳ್ಳುತ್ತಿದೆ. ರೂಢಿ ಪೂರ್ತಿ ಬೇರೂರುವ ಮೊದಲೇ ಇದರ ಕಸದ ಬಗ್ಗೆ ಮಾತಾಡಿಬಿಡೋದು ಒಳ್ಳೆಯದು.

ಒಂದೇ ಪದ, ಎರಡು ಅರ್ಥ

ಮೊದಲ ತೊಡಕು ಭಾಷೆಯದ್ದೇ. ‘ಮರುಬಳಕೆ’ ಅಂತ ನಾವು ಎರಡು ಬೇರೆ ಕೆಲಸಗಳಿಗೆ ಹೇಳ್ತೀವಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ತುಂಬಿಡೋದು ಮರುಬಳಕೆ. ಬಾಟಲಿ ಕರಗಿಸಿ ಹೊಸ ಬಾಟಲಿ ಮಾಡೋದು ರೀಸೈಕ್ಲಿಂಗ್. ಮೊದಲನೆಯದು ನಮ್ಮ ಅಡುಗೆಮನೆಯಲ್ಲೇ ಮುಗಿಯುತ್ತೆ. ಎರಡನೆಯದಕ್ಕೆ ಯಾರೋ ಸಂಗ್ರಹಿಸಬೇಕು, ಬೇರ್ಪಡಿಸಬೇಕು, ಸಾಗಿಸಬೇಕು, ಕುಲುಮೆ ಇರುವವರು ಕೊಳ್ಳಬೇಕು. ಡಬ್ಬದ ಮೇಲೆ ‘ರೀಸೈಕಲ್ ಮಾಡಬಹುದು’ ಎಂದು ಬರೆದಾಗ ಈ ಸರಪಳಿ ಎಲ್ಲಾ ಇದ್ದೇ ಇದೆ ಅನ್ನೋ ಭ್ರಮೆ ಹುಟ್ಟುತ್ತೆ.

ಅಲ್ಯೂಮಿನಿಯಂ ಒಳ್ಳೆಯ ಲೋಹ, ಅದರಲ್ಲಿ ಎರಡು ಮಾತಿಲ್ಲ. ಅದಿರಿನಿಂದ ತೆಗೆಯುವುದಕ್ಕೆ ಹೋಲಿಸಿದರೆ ಕರಗಿಸಿ ಮತ್ತೆ ಮಾಡುವುದಕ್ಕೆ ಸುಮಾರು ಶೇ 95ರಷ್ಟು ಕಡಿಮೆ ಶಕ್ತಿ ಸಾಕು. ಆದರೆ ಗುಜರಿ ಅಂಗಡಿಯ ತಕ್ಕಡಿ ಬೇರೆ ಕಥೆ ಹೇಳುತ್ತೆ. ಒಂದು ಕ್ಯಾಪ್ಸೂಲಿನಲ್ಲಿರುವ ಲೋಹ ಹೆಚ್ಚೂಕಡಿಮೆ ಒಂದು ಗ್ರಾಂ. ಒಂದು ಕೆಜಿ ಆಗೋಕೆ ಸಾವಿರ ಕ್ಯಾಪ್ಸೂಲ್ ಹರಿದು, ಒದ್ದೆ ಚರಟ ಕೆರೆದು, ತೊಳೆಯಬೇಕು. ಒಂದಕ್ಕೆ ಅರ್ಧ ನಿಮಿಷ ಅಂದ್ರೂ ಎಂಟು ಗಂಟೆ ಮೀರುತ್ತೆ, ಅಂದರೆ ಒಂದು ದಿನದ ದುಡಿಮೆ. ಅದೇ ಬಿಯರ್ ಅಥವಾ ಕೂಲ್‌ಡ್ರಿಂಕ್ ಕ್ಯಾನ್ ಆದರೆ ಎಂಬತ್ತರೊಳಗೇ ಒಂದು ಕೆಜಿ, ತುಳಿದು ಚಪ್ಪಟೆ ಮಾಡಿದರೆ ಮುಗೀತು. ಕಸ ಆಯುವವರು ಕ್ಯಾನ್ ಎತ್ತಿಕೊಂಡು ಕ್ಯಾಪ್ಸೂಲ್ ಬಿಟ್ಟರೆ ಅದು ಅಜ್ಞಾನ ಅಲ್ಲ, ಸರಿಯಾದ ಅರ್ಥಶಾಸ್ತ್ರ.

ಮನೆಯಲ್ಲೂ ಇದು ಗೊಂದಲದ ವಸ್ತು. ಒಳಗಿರೋದು ಹಸಿ ಕಸ, ಹೊರಗಿರೋದು ಒಣ ಕಸ. ಹಾಗೇ ಒಣ ಕಸಕ್ಕೆ ಹಾಕಿದರೆ ಚರಟದ ನೀರು ಇಳಿದು ಪಕ್ಕದ ಪೇಪರ್, ರಟ್ಟು ಕೂಡ ಬೆಲೆ ಕಳೆದುಕೊಳ್ಳುತ್ತೆ. ಪ್ಲಾಸ್ಟಿಕ್ ಕ್ಯಾಪ್ಸೂಲಿನ ಸ್ಥಿತಿ ಇನ್ನೂ ಕಷ್ಟ: ಡಬ್ಬಿಯೇ ಒಂದು ಪದರವಲ್ಲ, ಮುಚ್ಚಳ ಬೇರೆ ವಸ್ತು, ಕೆಲವದರಲ್ಲಿ ಒಳಗೊಂದು ಫಿಲ್ಟರ್ ಹಾಳೆ ಬೇರೆ. ‘ಗೊಬ್ಬರವಾಗುವ’ ಕ್ಯಾಪ್ಸೂಲ್ ಅಂತ ಮಾರುವುದರಲ್ಲಿ ಹೆಚ್ಚಿನವಕ್ಕೆ 58–60 ಡಿಗ್ರಿ ಶಾಖ ವಾರಗಟ್ಟಲೆ ಹಿಡಿದಿಡುವ ದೊಡ್ಡ ಕಾಂಪೋಸ್ಟ್ ಘಟಕ ಬೇಕು. ಹಿತ್ತಿಲ ತಿಪ್ಪೆಗುಂಡಿಯಲ್ಲಿ ಹಾಕಿ ಮುಂದಿನ ವರ್ಷ ಕೆದಕಿ ನೋಡಿ, ಅಲ್ಲೇ ಸಿಗುವ ಸಾಧ್ಯತೆಯೇ ಜಾಸ್ತಿ.

ಬೈರಮಂಗಲ ಯಾಕೆ?

ಯಾಕಂದ್ರೆ ಬೆಂಗಳೂರು ಬೇಡ ಅಂದದ್ದು ಇಳಿದು ಬರುವ ದಾರಿ ಇದು. ಬಸವನಗುಡಿ ಸುತ್ತ ಹುಟ್ಟುವ ವೃಷಭಾವತಿ, ಮೈಸೂರು ರಸ್ತೆ, ಕೆಂಗೇರಿ ದಾಟಿ ಬಿಡದಿ ಹೋಬಳಿಯ ಬೈರಮಂಗಲ ಕೆರೆ ಸೇರುತ್ತೆ. ಅಲ್ಲಿಂದ ಮುಂದೆ ಅರ್ಕಾವತಿ, ಆಮೇಲೆ ಕಾವೇರಿ. ನೀರಾವರಿಗೆಂದು 1940ರ ದಶಕದಲ್ಲಿ ಕಟ್ಟಿದ ಜಲಾಶಯಕ್ಕೆ ದಶಕಗಳಿಂದ ಬರುತ್ತಿರೋದು ನಗರದ ಚರಂಡಿ ನೀರು, ಕಾರ್ಖಾನೆ ತ್ಯಾಜ್ಯ, ನೊರೆ. ಹಿಪ್ಪುನೇರಳೆ, ತೆಂಗು, ಮೇವು ಬೆಳೆಯುವವರು ಆ ನೀರನ್ನೇ ನಂಬಬೇಕಾಯಿತು. ಕೆರೆಯ ನೊರೆಗೆ ಕ್ಯಾಪ್ಸೂಲ್ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ‘ಬಳಸಿದವರೊಬ್ಬರು, ಭರಿಸುವವರು ಇನ್ನೊಬ್ಬರು’ ಅನ್ನೋ ವ್ಯವಸ್ಥೆ ಹೇಗಿರುತ್ತೆ ಅಂತ ತಿಳಿಯೋಕೆ ಕೆರೆ ಏರಿ ಮೇಲೆ ಹತ್ತು ನಿಮಿಷ ನಿಂತರೆ ಸಾಕು.

ಘನತ್ಯಾಜ್ಯವೂ ಇದೇ ದಿಕ್ಕು ಹಿಡಿದಿದೆ. ಮಾವಳ್ಳಿಪುರ, ಮಂಡೂರಿನ ಜನ ಹೋರಾಡಿ ತಮ್ಮೂರಿಗೆ ಬರುತ್ತಿದ್ದ ಕಸದ ಲಾರಿಗಳನ್ನು ನಿಲ್ಲಿಸಿದ ಮೇಲೆ ನಗರ ಬೇರೆ ದಾರಿ ಹುಡುಕಿತು. ಅದರಲ್ಲೊಂದು, ಆಗಿನ ಬಿಬಿಎಂಪಿ ಮತ್ತು ಕೆಪಿಸಿಎಲ್ ಸೇರಿ ಬಿಡದಿಯಲ್ಲಿ ಕೈಗೆತ್ತಿಕೊಂಡ ಕಸದಿಂದ ವಿದ್ಯುತ್ ಘಟಕ: ದಿನಕ್ಕೆ 600 ಟನ್ ಕಸ, 11.5 ಮೆಗಾವಾಟ್ ಸಾಮರ್ಥ್ಯದ ಯೋಜನೆ. ಗುಜರಿಯವರು ಮುಟ್ಟದ, ರೀಸೈಕಲ್ ಆಗದ ಒಣ ಕಸಕ್ಕೇ ಇಂಥ ಘಟಕ. ಹರಿದು ಬೇರ್ಪಡಿಸದ ಕ್ಯಾಪ್ಸೂಲ್ ಆ ಗುಂಪಿಗೇ ಸೇರೋದು. ಒದ್ದೆ ಚರಟ ಉರಿಯೋಕೆ ಮೊದಲು ನೀರು ಆವಿಯಾಗಬೇಕು, ಅಂದರೆ ಕೊಡುವ ಶಾಖದಲ್ಲಿ ಒಂದಷ್ಟನ್ನು ಅದೇ ತಿನ್ನುತ್ತೆ. ಪ್ಲಾಸ್ಟಿಕ್ ಹೊಗೆಯಾಗುತ್ತೆ. ಅಲ್ಯೂಮಿನಿಯಂನಲ್ಲಿ ಒಂದಷ್ಟು ಆಕ್ಸೈಡ್ ಆಗಿ, ಉಳಿದದ್ದು ಬೂದಿಯಲ್ಲಿ ಸೇರುತ್ತೆ. ಆ ಬೂದಿಯನ್ನೂ ಎಲ್ಲೋ ಸುರಿಯಲೇಬೇಕಲ್ಲ? ಟೌನ್‌ಶಿಪ್‌ಗೆ ಭೂಮಿ ಬಿಡುವುದಿಲ್ಲ ಎಂದು ಹೋರಾಡುತ್ತಿರುವ ಬೈರಮಂಗಲ, ಕಂಚುಗಾರನಹಳ್ಳಿ ಭಾಗದ ರೈತರ ಮುಂದೆ ‘ನಮ್ಮ ಕ್ಯಾಪ್ಸೂಲ್ ಪರಿಸರಸ್ನೇಹಿ’ ಅಂದರೆ ನಗದೆ ಇನ್ನೇನು ಮಾಡ್ತಾರೆ.

ಕಾನೂನು ಏನನ್ನುತ್ತೆ

ಉತ್ಪಾದಕರೇ ತಮ್ಮ ಪ್ಯಾಕೇಜಿಂಗ್ ಕಸದ ಹೊಣೆ ಹೊರಬೇಕು ಎಂಬ ನಿಯಮ ಪ್ಲಾಸ್ಟಿಕ್‌ಗೆ ಇದೆ. 2022ರ ಫೆಬ್ರುವರಿ ತಿದ್ದುಪಡಿ ಅದಕ್ಕೆ ಗುರಿ, ಪ್ರಮಾಣಪತ್ರಗಳ ಚೌಕಟ್ಟು ಕೊಟ್ಟಿತು. ಅಲ್ಯೂಮಿನಿಯಂ ಅದರ ವ್ಯಾಪ್ತಿಗೆ ಬರಲಿಲ್ಲ. ಕಾಗದ, ಗಾಜು, ಲೋಹದ ಪ್ಯಾಕೇಜಿಂಗ್‌ಗೂ ಇದೇ ಹೊಣೆ ಹೊರಿಸುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯ ಪ್ರಕಟಿಸಿದ್ದು 2024ರ ಡಿಸೆಂಬರ್‌ನಲ್ಲಿ.

ಹೊರಗಿನ ಎರಡು ಉದಾಹರಣೆ ಇಲ್ಲಿ ಕೆಲಸಕ್ಕೆ ಬರುತ್ತೆ. ಜರ್ಮನಿಯ ಹ್ಯಾಂಬರ್ಗ್ ನಗರಾಡಳಿತ 2016ರಲ್ಲಿ ಸಾರ್ವಜನಿಕ ಹಣದಲ್ಲಿ ಕ್ಯಾಪ್ಸೂಲ್ ಕಾಫಿ ಖರೀದಿಸೋದನ್ನು ನಿಲ್ಲಿಸಿತು. ಕೆನಡಾದಲ್ಲಿ ‘ನಮ್ಮ ಕಪ್ ರೀಸೈಕಲ್ ಆಗುತ್ತೆ’ ಎಂದು ಹೇಳಿಕೊಂಡಿದ್ದಕ್ಕೆ ಕ್ಯೂರಿಗ್ ಕಂಪನಿ 2022ರಲ್ಲಿ 30 ಲಕ್ಷ ಕೆನಡಿಯನ್ ಡಾಲರ್ ದಂಡ ಕಟ್ಟಲು ಒಪ್ಪಬೇಕಾಯಿತು, ಕಾರಣ ಅಲ್ಲಿನ ಹೆಚ್ಚಿನ ಸ್ಥಳೀಯ ವ್ಯವಸ್ಥೆಗಳು ಆ ಕಪ್‌ಗಳನ್ನು ಸ್ವೀಕರಿಸುತ್ತಲೇ ಇರಲಿಲ್ಲ. ವಸ್ತುವಿನ ಗುಣ ನೋಡದೆ ಸಂಗ್ರಹ ವ್ಯವಸ್ಥೆ ಇದೆಯಾ ಅಂತ ನೋಡಿದ್ದು ಈ ಪ್ರಕರಣದ ಮುಖ್ಯ ಅಂಶ. ನಮ್ಮಲ್ಲೂ 2025ರ ಅಕ್ಟೋಬರ್‌ನಲ್ಲಿ ಸರ್ಕಾರಿ ಸಭೆಗಳಿಗೆ ಪ್ಲಾಸ್ಟಿಕ್ ನೀರಿನ ಬಾಟಲಿ ಬೇಡ ಎಂಬ ಸೂಚನೆ ಹೊರಟಿದೆ. ಆ ಪಟ್ಟಿಗೆ ಕ್ಯಾಪ್ಸೂಲ್ ಸೇರಿಸೋಕೆ ಒಂದು ಸಾಲು ಸಾಕು.

ಮಷಿನ್ ಈಗಾಗಲೇ ಕೊಂಡಿದ್ದರೆ

ಸ್ಟೀಲಿನ, ಮತ್ತೆ ಮತ್ತೆ ತುಂಬುವ ಕ್ಯಾಪ್ಸೂಲ್ ಸಿಗುತ್ತೆ. ನಿಮ್ಮ ಮಷಿನ್ ಮಾದರಿಗೆ ಹೊಂದುತ್ತಾ ಅಂತ ಮೊದಲು ನೋಡಿ. ಪುಡಿ ತೀರಾ ನುಣ್ಣಗಿದ್ದರೆ ನೀರು ಕಟ್ಟಿಕೊಳ್ಳುತ್ತೆ, ದಪ್ಪಗಿದ್ದರೆ ಕಾಫಿ ನೀರಾಗುತ್ತೆ, ಮೊದಲ ವಾರ ಸ್ವಲ್ಪ ಪ್ರಯೋಗ ಬೇಕು. ಚಿಕೋರಿ ಬೆರೆಸಿದ ಪುಡಿ ಅಂಟಿಕೊಳ್ಳುತ್ತೆ, ಹಾಕದಿರೋದೇ ಮೇಲು. ಬಳಸಿದ ಅಲ್ಯೂಮಿನಿಯಂ ಕ್ಯಾಪ್ಸೂಲಿಗೇ ಪುಡಿ ತುಂಬಿ ಫಾಯಿಲ್ ಅಂಟಿಸುವ ವಿಡಿಯೊಗಳೂ ಓಡಾಡುತ್ತಿವೆ. ಅಂಚು ಬಾಗಿರುತ್ತೆ, ಒತ್ತಡಕ್ಕೆ ಸೋರುತ್ತೆ. ಒಂದೆರಡು ಸಲದ ಆಟಕ್ಕೆ ಸರಿ, ಅಷ್ಟೇ.

ಬಳಸಿ ಬಿಸಾಡುವುದನ್ನೇ ಕೊಳ್ಳುತ್ತಿದ್ದರೆ ಮುಚ್ಚಳ ಹರಿದು ಚರಟವನ್ನು ಹಸಿ ಕಸಕ್ಕೋ ಕಾಂಪೋಸ್ಟ್‌ಗೋ ಹಾಕಿ. ಅದರಲ್ಲಿ ಸಾರಜನಕ ಇದೆ, ಒಣ ಎಲೆ ಜೊತೆ ಬೆರೆಸಿದರೆ ಒಳ್ಳೆ ಗೊಬ್ಬರ. ಹಸಿಹಸಿಯಾಗಿ ಗಿಡದ ಬುಡಕ್ಕೆ ದಪ್ಪನಾಗಿ ಹಾಕಬೇಡಿ, ಪದರ ಕಟ್ಟಿ ನೀರು ಇಳಿಯಲ್ಲ. ತೊಳೆದ ಡಬ್ಬಿಗಳನ್ನು ಒಂದು ದೊಡ್ಡ ಅಲ್ಯೂಮಿನಿಯಂ ಕ್ಯಾನ್ ಒಳಗೆ ತುರುಕಿ, ಬಾಯಿ ಅದುಮಿ ಕೊಟ್ಟರೆ ಗುಜರಿಯವರು ಒಂದೇ ತೂಕವಾಗಿ ಎತ್ತಿಕೊಳ್ಳುವ ಅವಕಾಶವಾದರೂ ಇರುತ್ತೆ.

ಆಫೀಸಿನಲ್ಲಿ ಮಷಿನ್ ತರಿಸುವ ಮಾತು ಬಂದಾಗ ಸರಬರಾಜುದಾರರಿಗೆ ಮೂರು ಪ್ರಶ್ನೆ ಲಿಖಿತವಾಗಿ ಕೇಳಿ: ಖಾಲಿ ಕ್ಯಾಪ್ಸೂಲ್ ವಾಪಸ್ ಒಯ್ಯುವವರು ಯಾರು? ಹೋದ ವರ್ಷ ಮಾರಿದ್ದರಲ್ಲಿ ಎಷ್ಟು ವಾಪಸ್ ಬಂತು? ಅದನ್ನು ಕರಗಿಸಿದ್ದು ಎಲ್ಲಿ? ಒಂದೊಂದು ಕ್ಯಾಪ್ಸೂಲಿಗೆ ಎರಡು ರೂಪಾಯಿ ಠೇವಣಿ ಇಟ್ಟು, ಖಾಲಿ ತಂದವರಿಗೆ, ಅದು ಕಸ ಆಯುವವರೇ ಆಗಿರಲಿ, ವಾಪಸ್ ಕೊಡಿ ಎಂದೂ ಕೇಳಬಹುದು. ಆಗ ಆ ಒಂದು ಕೆಜಿಯ ಬೆಲೆ ಎರಡು ಸಾವಿರ ರೂಪಾಯಿ.