ದಂಡಿನ ಹೊಟ್ಟೆ: ದೊಡ್ಡ ಸೇನೆಗಳ ಸೋಲನ್ನು ಓದಿಕೊಂಡು ಬಂದ ಬಗೆ

ಪೀಣ್ಯದಿಂದ ತುಮಕೂರು ರಸ್ತೆ ಹಿಡಿದು ನೆಲಮಂಗಲ ದಾಟಿದರೆ ದಾಬಸ್‌ಪೇಟೆಯ ಹತ್ತಿರ ನಿಜಗಲ್ಲಿನ ಬೆಟ್ಟ ಸಿಗುತ್ತದೆ. 1770ರಲ್ಲಿ ಪೇಶ್ವೆ ಮಾಧವರಾಯನ ದಂಡು ಈ ಸಣ್ಣ ದುರ್ಗದ ಮುಂದೆ ತಿಂಗಳುಗಟ್ಟಲೆ ಬೀಡುಬಿಟ್ಟಿತ್ತು. ಒಳಗೆ ಹೈದರಾಲಿಯ ಕಡೆಯ ಸರ್ದಾರ್ ಖಾನ್ ಲಗ್ಗೆಯ ಮೇಲೆ ಲಗ್ಗೆಯನ್ನು ಹಿಮ್ಮೆಟ್ಟಿಸುತ್ತಿದ್ದ. ಕೊನೆಗೆ ಗೋಡೆ ಹತ್ತಿದವರು ಪುಣೆಯವರಲ್ಲ, ಚಿತ್ರದುರ್ಗದ ಪಾಳೆಯಗಾರನ ಬೇಡ ಪಡೆಯವರು. ಇಂಥ ಬಂಡೆಗಳ ನಡುವೆಯೇ ಬೆಳೆದವರು. ದೊಡ್ಡ ದಂಡು ಯಾಕೆ ಸೋಲುತ್ತದೆ, ಯಾವಾಗ ಗೆಲ್ಲುತ್ತದೆ ಎಂಬ ಎರಡು ಪ್ರಶ್ನೆಗಳೂ ಈ ಒಂದೇ ಬೆಟ್ಟದಲ್ಲಿವೆ. ಉತ್ತರ ಹುಡುಕಿದವರು ಮಾತ್ರ ಕಾಲಕ್ಕೊಂದು ಕಡೆ ನೋಡಿದ್ದಾರೆ.

ಮೊದಲ ಉತ್ತರ, ವೀರ. ಎಲೆಕ್ಟ್ರಾನಿಕ್ ಸಿಟಿಯ ದಾರಿಯಲ್ಲಿರುವ ಬೇಗೂರಿನ ನಾಗನಾಥೇಶ್ವರ ಗುಡಿಯಲ್ಲಿ ಸುಮಾರು ಕ್ರಿ.ಶ. 890ರ ಕಲ್ಲೊಂದಿದೆ. ‘ಬೆಂಗಳೂರು ಕಾಳಗ’ದಲ್ಲಿ ಮಡಿದವನ ನೆನಪು ಅದರಲ್ಲಿದೆ. ವೀರಗಲ್ಲು ಸತ್ತವನು ಯಾರು ಎನ್ನುತ್ತದೆ. ಎದುರಿಗೆ ಎಷ್ಟು ಜನ ಬಂದರು, ಏನು ತಿಂದರು ಎನ್ನುವುದಿಲ್ಲ. ಕಾವ್ಯದ ದಾರಿಯೂ ಅದೇ. 1638ರಲ್ಲಿ ಕೆಂಪೇಗೌಡರ ವಂಶದಿಂದ ಬೆಂಗಳೂರನ್ನು ಕಿತ್ತುಕೊಂಡ ಬಿಜಾಪುರದ ರಣದುಲ್ಲಾ ಖಾನ್ ಮರುವರ್ಷ ಶ್ರೀರಂಗಪಟ್ಟಣದ ಮುಂದೆ ಸೋತು ಹಿಂದಿರುಗಿದ. ಗೋವಿಂದವೈದ್ಯನ ‘ಕಂಠೀರವ ನರಸರಾಜ ವಿಜಯ’ (1648) ಮೈಸೂರಿನ ಈ ಗೆಲುವಿನ ಯಶಸ್ಸನ್ನು ಅರಸನಿಗೆ ಒಪ್ಪಿಸಿತು. ಅದೇ ಸೇನಾಪತಿ ಬೆಂಗಳೂರಲ್ಲಿ ಗೆದ್ದು ಶ್ರೀರಂಗಪಟ್ಟಣದಲ್ಲಿ ಸೋತದ್ದೇಕೆ ಎಂದು ಕೇಳಿದರೆ, ಅರಸನ ಜೊತೆಗೆ ಸುತ್ತಲೂ ಹರಿಯುವ ಕಾವೇರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಲೆಕ್ಕಕ್ಕೆ ಎತ್ತುಗಳು ಬಂದದ್ದು 1791ರಲ್ಲಿ. ಟಿಪ್ಪುವಿನ ಮೇಲೆ ದಂಡೆತ್ತಿದ ಈಸ್ಟ್ ಇಂಡಿಯಾ ಕಂಪನಿಯ ಕಾರ್ನ್‌ವಾಲಿಸ್ ಕೋಲಾರ, ಹೊಸಕೋಟೆಗಳ ಮೇಲೆ, ಎಂದರೆ ಇಂದಿನ ವೈಟ್‌ಫೀಲ್ಡಿನ ಆಚೆಯ ಬಯಲುಗಳನ್ನು ಹಾಯ್ದು, ಮಾರ್ಚ್ 5ಕ್ಕೆ ಬೆಂಗಳೂರು ಮುಟ್ಟಿದ. 7ರಂದು ಪೇಟೆ ಬಿತ್ತು. 21ರ ರಾತ್ರಿ ಕೋಟೆಯೂ ಬಿತ್ತು. ಕಿಲ್ಲೇದಾರ ಬಹಾದ್ದೂರ್ ಖಾನ್ ಕಾದಾಡುತ್ತಲೇ ಸತ್ತ. ಮೇ 15ರಂದು ಅರಕೆರೆಯ ಬಳಿ ಕಾರ್ನ್‌ವಾಲಿಸ್ ಟಿಪ್ಪುವಿನ ಸೇನೆಯನ್ನೇ ಗೆದ್ದ. ಶ್ರೀರಂಗಪಟ್ಟಣ ಕಣ್ಣೆದುರಿಗಿತ್ತು. ಆದರೆ ಕೆಲವೇ ದಿನಗಳಲ್ಲಿ ತನ್ನ ಭಾರಿ ತೋಪುಗಳನ್ನು ತಾನೇ ಒಡೆಸಿ ಹಿಂದಕ್ಕೆ ಹೊರಟ. ಮಳೆ ಹಿಡಿದಿತ್ತು, ಎತ್ತುಗಳು ಸಾಲುಸಾಲಾಗಿ ಸತ್ತಿದ್ದವು, ಟಿಪ್ಪುವಿನ ಕುದುರೆ ದಳ ದಾರಿಯ ಮೇವನ್ನು ಸುಟ್ಟು ಊರುಗಳನ್ನು ಬರಿದು ಮಾಡಿತ್ತು. ಗೆದ್ದ ದಂಡು ಹಸಿವಿಗೆ ಸೋತಿತು.

ಆ ಯುದ್ಧದಲ್ಲಿದ್ದ ರೋಡರಿಕ್ ಮೆಕೆಂಜಿ 1793–94ರಲ್ಲೂ, ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810–17ರಲ್ಲೂ ತಮ್ಮ ಗ್ರಂಥಗಳನ್ನು ಹೊರತಂದರು. ಬರೆದದ್ದು ಗೆದ್ದವರ ಕಣ್ಣಿನಿಂದ. ಆದರೂ ಕಾಳು, ಮೇವು, ಹೇರಿನ ವಿವರ ಮೊದಲಿಗೆ ಸಿಕ್ಕುವುದು ಇಂಥ ಪುಟಗಳಲ್ಲೇ. 1792ರಲ್ಲಿ ಬಂಜಾರರ ಧಾನ್ಯದ ಹೇರು, ಮರಾಠ–ನಿಜಾಮರ ಪಡೆಗಳೊಂದಿಗೆ ಕಂಪನಿ ಮರಳಿ ಬಂದಾಗ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಡಬೇಕಾಯಿತು. ಎತ್ತಿನ ಬೆಲೆ ಮೈಸೂರಿಗೆ ಮೊದಲೇ ಗೊತ್ತಿತ್ತು: ಚಿಕ್ಕದೇವರಾಜರ ಕಾಲದ ದನಗಳ ಇಲಾಖೆ ‘ಬೆಣ್ಣೆ ಚಾವಡಿ’ಯೇ ಟಿಪ್ಪುವಿನ ‘ಅಮೃತಮಹಲ್’. ಟಿಪ್ಪು ಸತ್ತ ಮೇಲೆ ಬ್ರಿಟಿಷರೂ ಆ ತಳಿಯನ್ನು ತೋಪು ಎಳೆಯಲು ಉಳಿಸಿಕೊಂಡರು.

ಗೆದ್ದ ದಂಡೂ ಹೀಗೆ ಬಳಲಿ ಸೋಲುವುದಕ್ಕೆ ಸಿದ್ಧಾಂತ ಸಿಕ್ಕಿದ್ದು ಯುರೋಪಿನಲ್ಲಿ. 1832ರಲ್ಲಿ ಪ್ರಕಟವಾದ ಕ್ಲಾಸ್‌ವಿಟ್ಸ್‌ನ ಗ್ರಂಥ, ಮುನ್ನುಗ್ಗಿದಷ್ಟೂ ದಾಳಿಯ ಕಸುವು ಕರಗಿ ಒಂದು ತುದಿ ಮುಟ್ಟುತ್ತದೆ, ಅದನ್ನು ದಾಟಿದವನು ಕೆಟ್ಟ ಎಂದಿತು. ಸಂಖ್ಯೆಯೇ ಬಲ ಎನ್ನಲು 1914–16ರಲ್ಲಿ ಇಂಗ್ಲೆಂಡಿನ ಲ್ಯಾಂಚೆಸ್ಟರ್ ಗಣಿತ ಕಟ್ಟಿದ. ಬಯಲಿನಲ್ಲಿ ಎಲ್ಲರೂ ಎಲ್ಲರ ಮೇಲೆ ಗುಂಡು ಹಾರಿಸಬಲ್ಲರಾದರೆ ಆ ಸೂತ್ರ ನಿಲ್ಲುತ್ತದೆ. ನಿಜಗಲ್ಲಿನ ಇಕ್ಕಟ್ಟಿನಲ್ಲಿ ಮುಂದಿರುವ ನಾಲ್ಕು ಜನರಷ್ಟೇ ಕಾದಾಡಬಲ್ಲರು, ಹಿಂದಿನ ಸಾವಿರ ಜನ ಬರಿಯ ಹೊಟ್ಟೆಗಳು. 1977ರಲ್ಲಿ ಮಾರ್ಟಿನ್ ವಾನ್ ಕ್ರೆವೆಲ್ಡ್ ಸರಬರಾಜಿನ ಇತಿಹಾಸಕ್ಕೇ ಒಂದು ಪುಸ್ತಕ ಮೀಸಲಿಟ್ಟ.

ವಿಯೆಟ್ನಾಂ ಯುದ್ಧದ ನಂತರ ಪ್ರಶ್ನೆ ಮನಸ್ಸಿನತ್ತ ತಿರುಗಿತು. ಅಳಿವು–ಉಳಿವಿನ ಹೋರಾಟ ಸಣ್ಣವನದು, ದೊಡ್ಡವನಿಗೆ ಅದು ಹತ್ತರಲ್ಲಿ ಒಂದು ಕೆಲಸ ಎಂದು 1975ರಲ್ಲಿ ಆಂಡ್ರೂ ಮ್ಯಾಕ್ ವಾದಿಸಿದ. 2001ರಲ್ಲಿ ಇವಾನ್ ಅರೆಗಿನ್–ಟೋಫ್ಟ್ ಎರಡು ಶತಮಾನಗಳ ಯುದ್ಧಗಳನ್ನು ಎಣಿಸಿದಾಗ, 1800–1849ರಲ್ಲಿ ಶೇ. 12ರಷ್ಟಿದ್ದ ದುರ್ಬಲರ ಗೆಲುವು 1950ರ ನಂತರ ಶೇ. 55 ಆಗಿತ್ತು. ಕಿತ್ತೂರು ಹಳೆಯ ಲೆಕ್ಕಕ್ಕೆ ಸೇರಿದ್ದು: 1824ರ ಅಕ್ಟೋಬರ್ 23ರಂದು ಕಂಪನಿಯ ಅಧಿಕಾರಿ ಥ್ಯಾಕರೆ ಅಲ್ಲಿ ಬಿದ್ದ. ಕಂಪನಿಯ ಛಲ ಮಾತ್ರ ಕುಂದಲಿಲ್ಲ, ಡಿಸೆಂಬರಿನಲ್ಲಿ ದೊಡ್ಡ ದಂಡು ಬಂದು ಕೋಟೆ ಹಿಡಿಯಿತು.

ನಮ್ಮಲ್ಲಿ ಸಿ. ಹಯವದನರಾಯರ ಮೈಸೂರು ಇತಿಹಾಸ (1943–46) ಕಾವ್ಯ, ಶಾಸನ, ಕಂಪನಿ ದಾಖಲೆಗಳನ್ನು ಒಂದೇ ಮಣೆಯ ಮೇಲೆ ಕೂರಿಸಿತು. ಈಗ ಮಿಥಿಕ್ ಸೊಸೈಟಿ ಬೆಂಗಳೂರು ಸೀಮೆಯ ಶಾಸನಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿದೆ.

ಇಷ್ಟನ್ನು ಓದಿದ ಮೇಲೆ ನನಗೆ ಉಳಿಯುವುದು ಇದು: ಛಲ ದಂಡನ್ನು ಸೋಲಿಸುವುದಿಲ್ಲ, ದಿನಗಳನ್ನು ಕೊಡುತ್ತದೆ, ಸೋಲಿಸುವುದು ಆ ದಿನಗಳ ಹಸಿವು. ಬಹಾದ್ದೂರ್ ಖಾನನಿಗೆ ಛಲ ಕಡಿಮೆಯಿರಲಿಲ್ಲ, ದಿನಗಳು ಸಾಲಲಿಲ್ಲ. ಹಾಗಾದರೆ ಮುಂದಿನ ಓದು ಹೊಸಕೋಟೆ, ನೆಲಮಂಗಲದ ಹಳ್ಳಿಗಳಿಂದ ಶುರುವಾಗಬೇಕು. ರಾಗಿ ತುಂಬಿದ ಹಗೇವನ್ನು ಯಾರು ಯಾರಿಗೆ ತೆರೆದರು, ಯಾರು ಮೇಲೆ ಮಣ್ಣೆಳೆದು ಸುಮ್ಮನಾದರು? ಕತ್ತಿ ಹಿಡಿದು ಸತ್ತವನಿಗೆ ಬೇಗೂರಿನಲ್ಲಿ ಕಲ್ಲಿದೆ. ಹಗೇವು ಮುಚ್ಚಿದವರಿಗೆ ಯಾರೂ ಕಲ್ಲು ನೆಡಲಿಲ್ಲ.